ಕುಡಿಯುವ ನೀರಿಗೆ ನಮ್ಮ ಮಕ್ಕಳ ಕಾವಲು

ನಿಮ್ಮ ಮನೆಯ ಕೊಡದಲ್ಲಿರುವ ನೀರು ಎಲ್ಲಿಂದ ಬಂತು ಎಂದು ಮಕ್ಕಳನ್ನು ಕೇಳಿ ನೋಡಿ. ನಳದಿಂದ ಎನ್ನುತ್ತಾರೆ. ನಳಕ್ಕೆ ಎಲ್ಲಿಂದ ಬಂತು ಎಂದರೆ ಊರ ಟಾಕಿಯಿಂದ ಎನ್ನುತ್ತಾರೆ. ಟಾಕಿಗೆ ಎಲ್ಲಿಂದ ಎಂದು ಕೇಳಿದರೆ ಬಹಳಷ್ಟು ಮಕ್ಕಳು ಸುಮ್ಮನಾಗುತ್ತಾರೆ. ದೊಡ್ಡವರಾದ ನಾವೂ ಅದರಾಚೆ ಯೋಚಿಸುವುದು ಕಡಿಮೆ. ಮನೆಯಲ್ಲಿ ಯಾರಿಗಾದರೂ ವಾಂತಿ-ಭೇದಿ ಶುರುವಾದಾಗ ಮಾತ್ರ ನೀರಿನ ನೆನಪಾಗುತ್ತದೆ.

2022ರ ಮೇ-ಜೂನ್ ತಿಂಗಳಲ್ಲಿ ರಾಯಚೂರು ನಗರದಲ್ಲಿ ನಳದ ಕಲುಷಿತ ನೀರು ಕುಡಿದು ಜನ ಸತ್ತರು. ಮರುವರ್ಷ ಜೂನ್‌ನಲ್ಲಿ ಕೊಪ್ಪಳ ಜಿಲ್ಲೆಯ ಬಸರಿಹಾಳದಲ್ಲಿಯೂ ವಾಂತಿ-ಭೇದಿ ಜೀವ ತೆಗೆಯಿತು. ಇವೆರಡೂ ನಮಗೆ ದೂರದ ಊರುಗಳಲ್ಲ. ಎರಡೂ ಕಡೆ ಜನರು ಕುಡಿದದ್ದು ದಿನವೂ ಕುಡಿಯುತ್ತಿದ್ದ ಊರಿನ ನೀರನ್ನೇ. ಅದು ಕೆಟ್ಟಿದೆ ಎಂಬುದು ಜನ ಮಲಗಿದ ಮೇಲೆ ಗೊತ್ತಾಯಿತು.

ಕಾಯಿಲೆ ಬರುವ ಮೊದಲೇ ನೀರಿನ ಸ್ಥಿತಿ ತಿಳಿಯುವ ದಾರಿ ಇದೆಯೇ? ಇದೆ. ಅದರಲ್ಲಿ ಒಂದು ದಾರಿ ನಮ್ಮ ಹೈಸ್ಕೂಲ್ ಮಕ್ಕಳ ಕೈಯಲ್ಲಿದೆ. ಒಂದೇ ಹೊಳೆಯ ದಂಡೆಯ ಬೇರೆ ಬೇರೆ ಶಾಲೆಗಳ ವಿದ್ಯಾರ್ಥಿಗಳು ಒಂದೇ ದಿನ ನೀರನ್ನು ಪರೀಕ್ಷಿಸಿ, ಫಲಿತಾಂಶಗಳನ್ನು ಇಂಟರ್‌ನೆಟ್ ಮೂಲಕ ಒಂದೆಡೆ ಸೇರಿಸುವುದೇ ಆ ದಾರಿ. ಜಗತ್ತಿನ ಹಲವು ಕಡೆ ಇದು ನಡೆದಿದೆ. ಮಲಪ್ರಭೆ, ಕೃಷ್ಣೆಯರ ದಂಡೆಯಲ್ಲೂ ನಡೆಯಬಹುದು.

ವುಝೂಗೆ ಸಲ್ಲುವ ನೀರು, ಕುಡಿಯಲು ಸಲ್ಲುವ ನೀರು

ನೀರಿನ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಒಂದು ಗೊಂದಲವಿದೆ. ಮೊದಲು ಅದನ್ನು ಬಿಡಿಸಿಕೊಳ್ಳೋಣ. ನೀರಿನ ಬಣ್ಣ, ರುಚಿ, ವಾಸನೆ ಈ ಮೂರು ಗುಣಗಳು ನಜಾಸತ್ತಿನಿಂದ ಬದಲಾಗಿವೆಯೇ ಎಂದು ನೋಡಬೇಕೆಂದು ನಾವು ಮದ್ರಸದಲ್ಲಿ ಕಲಿತಿದ್ದೇವೆ. ನೀರು ಪಾಕ್ ಆಗಿದೆಯೇ ಎಂದು ತಿಳಿಯಲು ಫುಕಹಾಗಳು ಹೇಳಿಕೊಟ್ಟ ಅಳತೆ ಇದು. ಆರಾಧನೆಗಾಗಿ ಇರುವ ಅಳತೆ. ಆದರೆ ಬಣ್ಣ, ರುಚಿ, ವಾಸನೆ ಸರಿಯಿದೆ ಎಂದ ಮಾತ್ರಕ್ಕೆ ಅದನ್ನು ಕುಡಿಯಬಹುದು ಎಂದು ಹಲವರು ತಿಳಿದುಬಿಡುತ್ತಾರೆ.

ಸಮುದ್ರದ ನೀರಿನ ಉದಾಹರಣೆ ನೋಡಿ. ಅದು ಪಾಕ್ ಎಂದು ಪ್ರವಾದಿ(ಸ)ಯವರು ತಿಳಿಸಿದ್ದಾರೆ. ಅದರಿಂದ ವುಝೂ ಮಾಡಬಹುದು. ಹಾಗೆಂದು ಸಮುದ್ರದ ನೀರನ್ನು ಯಾರೂ ಮಗುವಿಗೆ ಕುಡಿಸುವುದಿಲ್ಲ. ಪಾಕ್ ಎಂಬುದು ಒಂದು ಪ್ರಶ್ನೆ, ದೇಹಕ್ಕೆ ಹಿತವೇ ಎಂಬುದು ಇನ್ನೊಂದು ಪ್ರಶ್ನೆ. ಕಾಮಾಲೆಯ ವೈರಸ್ಸಿಗೆ ಬಣ್ಣವಿಲ್ಲ. ಟೈಫಾಯ್ಡ್ ರೋಗಾಣುವಿಗೆ ರುಚಿಯಿಲ್ಲ. ಫ್ಲೋರೈಡ್‌ಗೆ ವಾಸನೆಯಿಲ್ಲ. ಕಣ್ಣು, ನಾಲಿಗೆ, ಮೂಗು ಹಿಡಿಯಲಾರದ್ದನ್ನು ಹಿಡಿಯಲು ಪರೀಕ್ಷೆಯೇ ಬೇಕು.

ನೀರಿನ ಮೂಲವನ್ನು ಕಾಯುವುದು ಕೂಡ ದೀನಿನ ಭಾಗವೇ. ನಿಂತ ನೀರಿನಲ್ಲಿ ಮೂತ್ರ ಮಾಡುವುದನ್ನು ಪ್ರವಾದಿ(ಸ)ಯವರು ತಡೆದಿದ್ದಾರೆ. ಜನ ನೀರಿಗೆ ಬರುವ ತಾಣ, ನಡೆಯುವ ದಾರಿ, ಕೂರುವ ನೆರಳು ಇವುಗಳಲ್ಲಿ ಮಲವಿಸರ್ಜನೆ ಮಾಡುವುದು ಶಾಪಕ್ಕೆ ಗುರಿಯಾಗುವ ಕೆಲಸ ಎಂದು ಎಚ್ಚರಿಸಿದ್ದಾರೆ. ರಾತ್ರಿ ಪಾತ್ರೆಗಳನ್ನು ಮುಚ್ಚಿಡಲು ಹೇಳಿದ್ದಾರೆ. ಸೂಕ್ಷ್ಮದರ್ಶಕ ಹುಟ್ಟುವುದಕ್ಕೆ ಸಾವಿರ ವರ್ಷ ಮೊದಲು ಬಂದ ಈ ಬೋಧನೆಗಳನ್ನು ಇಂದಿನ ಯಾವ ವೈದ್ಯನೂ ಅಲ್ಲಗಳೆಯಲಾರ.

ಇಬ್ನ್ ಸೀನಾ ನೀರನ್ನು ತೂಗಿದ ಬಗೆ

ಯುನಾನಿ ವೈದ್ಯಪದ್ಧತಿಯಲ್ಲಿ ಆರೋಗ್ಯಕ್ಕೆ ಆರು ಅಗತ್ಯಗಳನ್ನು ಹೇಳಲಾಗಿದೆ. ಇವಕ್ಕೆ ಅಸ್ಬಾಬೆ ಸಿತ್ತಾ ಝರೂರಿಯಾ ಎಂದು ಹೆಸರು. ಗಾಳಿ ಮೊದಲನೆಯದು, ತಿನ್ನುವುದು ಮತ್ತು ಕುಡಿಯುವುದು ಎರಡನೆಯದು. ದೇಹದ ದುಡಿಮೆ-ವಿಶ್ರಾಂತಿ, ಮನಸ್ಸಿನ ದುಡಿಮೆ-ವಿಶ್ರಾಂತಿ, ನಿದ್ರೆ-ಎಚ್ಚರ, ಮಲಮೂತ್ರಗಳ ವಿಸರ್ಜನೆ ಅನಂತರದವು. ಊರಿನ ಗಾಳಿ, ನೀರು, ನೆಲ ನೋಡದೆ ಊರಿನ ಕಾಯಿಲೆ ತಿಳಿಯದು ಎಂದು ಬುಖ್ರಾತ್ ಎಂದು ನಾವು ಕರೆಯುವ ಗ್ರೀಕ್ ಹಕೀಮ ಹಿಪೊಕ್ರಟಿಸ್‌ನ ಕಾಲದಿಂದಲೂ ನಮ್ಮ ಹಕೀಮರು ಹೇಳುತ್ತ ಬಂದಿದ್ದಾರೆ.

1037ರಲ್ಲಿ ತೀರಿಕೊಂಡ ಇಬ್ನ್ ಸೀನಾ ತಮ್ಮ ‘ಅಲ್ ಖಾನೂನ್’ ಗ್ರಂಥದಲ್ಲಿ ನೀರಿನ ಒಂದು ಪರೀಕ್ಷೆ ಕೊಟ್ಟಿದ್ದಾರೆ. ಒಂದೇ ತೂಕದ ಎರಡು ಬಟ್ಟೆಯ ತುಂಡುಗಳನ್ನು ಎರಡು ಬೇರೆ ನೀರಿನಲ್ಲಿ ಅದ್ದಿ, ಚೆನ್ನಾಗಿ ಒಣಗಿಸಿ, ಮತ್ತೆ ತೂಗಬೇಕು. ಯಾವ ಬಟ್ಟೆ ಹಗುರವಾಗಿದೆಯೋ ಅದನ್ನು ಅದ್ದಿದ ನೀರು ಉತ್ತಮ. ಏಕೆಂದರೆ ನೀರು ಆರಿಹೋದ ಮೇಲೆ ಅದರಲ್ಲಿ ಕರಗಿದ್ದ ಲವಣ ಬಟ್ಟೆಯಲ್ಲಿ ಉಳಿಯುತ್ತದೆ. ಇಂದು ಪೆನ್ನಿನ ಗಾತ್ರದ ಟಿಡಿಎಸ್ ಮೀಟರ್ ಅಳೆಯುವುದು ಇದೇ ಕರಗಿದ ಲವಣವನ್ನು.

ಈ ಪರೀಕ್ಷೆಯಲ್ಲಿ ಇನ್ನೊಂದು ಪಾಠವಿದೆ. ಇಬ್ನ್ ಸೀನಾ ಒಂದೇ ನೀರನ್ನು ತೂಗಲಿಲ್ಲ, ಎರಡು ನೀರನ್ನು ಒಂದೇ ರೀತಿ ತೂಗಿ ಹೋಲಿಸಿದರು. ಬಟ್ಟೆ ಒಂದೇ ತೂಕ, ಒಣಗಿಸುವ ಕ್ರಮವೂ ಒಂದೇ. ಹಲವು ಶಾಲೆಗಳು ಸೇರಿ ನದಿಯನ್ನು ಪರೀಕ್ಷಿಸುವಾಗಲೂ ಇದೇ ನಿಯಮ.

ಕಾಮಾಲೆಯಿಂದ ಶುರುವಾದ ಕೆಲಸ

1984ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಆನ್ ಆರ್ಬರ್ ನಗರದಲ್ಲಿ ಹ್ಯೂರಾನ್ ನದಿಯಲ್ಲಿ ನೀರಾಟವಾಡಿದ ಕೆಲವು ಹೈಸ್ಕೂಲ್ ಮಕ್ಕಳಿಗೆ ಹೆಪಟೈಟಿಸ್-ಎ ಬಂತು. ನಾವು ಯರ್ಖಾನ್ ಎನ್ನುವ, ಮನೆಮಾತಿನಲ್ಲಿ ಕಾಮಾಲೆ ಎನ್ನುವ ಕಾಯಿಲೆಯ ಒಂದು ಬಗೆ ಇದು. ರೋಗಿಯ ಮಲ ಸೇರಿದ ನೀರು ಅಥವಾ ಆಹಾರದಿಂದ ಹರಡುತ್ತದೆ. ನದಿಯೇ ಕಾರಣವಿರಬಹುದೇ ಎಂದು ಆ ಶಾಲೆಯ ಮಕ್ಕಳು ಕೇಳಿದರು. ಮಿಷಿಗನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ವಿಲಿಯಂ ಸ್ಟ್ಯಾಪ್ ಅವರ ನೆರವಿನಿಂದ ಮಕ್ಕಳೇ ನದಿಯ ನೀರನ್ನು ಪರೀಕ್ಷಿಸಿದರು. ಮಲದ ರೋಗಾಣು ಹೆಚ್ಚಿರುವುದು ಕಂಡುಬಂತು. ಮಳೆನೀರಿನ ಚರಂಡಿಗಳ ದೋಷದ ಕಡೆಗೆ ಬೆರಳು ಹೋಯಿತು.

ಅಲ್ಲಿಗೇ ನಿಲ್ಲಲಿಲ್ಲ. 1987ರಲ್ಲಿ ಡೆಟ್ರಾಯಿಟ್ ಪ್ರದೇಶದ ರೂಜ್ ನದಿಯನ್ನು ಹಲವು ಹೈಸ್ಕೂಲ್‌ಗಳು ಒಟ್ಟಾಗಿ ಪರೀಕ್ಷಿಸತೊಡಗಿದವು. ಕಾರ್ಖಾನೆಗಳ ಎಣ್ಣೆ ಸೇರಿ 1969ರಲ್ಲಿ ಬೆಂಕಿಯೇ ಹತ್ತಿಕೊಂಡಿದ್ದ ನದಿ ಅದು. ಇಂದು ಅರಬ್ ಮೂಲದ ಮುಸ್ಲಿಮರು ದೊಡ್ಡ ಸಂಖ್ಯೆಯಲ್ಲಿ ನೆಲೆಸಿರುವ ಡಿಯರ್‌ಬಾರ್ನ್ ನಗರವೂ ಅದೇ ನದಿಯ ದಂಡೆಯಲ್ಲಿದೆ. ಮೇಲ್ದಂಡೆಯ ಶ್ರೀಮಂತ ಬಡಾವಣೆಗಳ ಶಾಲೆಗಳೂ ನಗರದೊಳಗಿನ ಬಡ ಮಕ್ಕಳ ಶಾಲೆಗಳೂ ಒಂದೇ ಕೆಲಸಕ್ಕೆ ಕೂಡಿದವು. ಇಂದಿನ ಇಂಟರ್‌ನೆಟ್ ಮನೆಮನೆಗೆ ಬರುವ ಮೊದಲೇ ಕಂಪ್ಯೂಟರ್‌ಗಳನ್ನು ಜೋಡಿಸಿಕೊಂಡು ಒಬ್ಬರ ಫಲಿತಾಂಶ ಇನ್ನೊಬ್ಬರಿಗೆ ತಲುಪಿಸಿದವು. 1989ರಲ್ಲಿ ಈ ಕೆಲಸ ‘ಗ್ರೀನ್’ ಎಂಬ ಹೆಸರಿನ ಜಾಗತಿಕ ನದಿ ಶಿಕ್ಷಣ ಜಾಲವಾಗಿ ಬೆಳೆಯಿತು.

ಅನಂತರ 1995ರಲ್ಲಿ ‘ಗ್ಲೋಬ್’ ಎಂಬ ಕಾರ್ಯಕ್ರಮ ಶಾಲೆಗಳಲ್ಲಿ ಆರಂಭವಾಯಿತು. ಹಲವು ದೇಶಗಳ ವಿದ್ಯಾರ್ಥಿಗಳು ತಮ್ಮೂರಿನ ನೀರು, ಗಾಳಿ, ಮಣ್ಣನ್ನು ಅಳೆದು ಇಂಟರ್‌ನೆಟ್ಟಿಗೆ ಸೇರಿಸುತ್ತಾರೆ. ಭಾರತವೂ ಅದರ ಸದಸ್ಯ. ನಮ್ಮ ರಾಜ್ಯದಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ನಡೆಸಿಕೊಂಡು ಬಂದಿರುವ ಮಕ್ಕಳ ವಿಜ್ಞಾನ ಸಮಾವೇಶದಲ್ಲಿ ತಮ್ಮೂರಿನ ನೀರನ್ನೇ ವಿಷಯವಾಗಿ ಆರಿಸಿಕೊಳ್ಳುವ ಮಕ್ಕಳಿದ್ದಾರೆ. ಅಂದರೆ ನಮ್ಮ ಮಕ್ಕಳಿಗೆ ಇದು ಹೊಸತಲ್ಲ. ಒಂದು ಶಾಲೆಯ ಕೆಲಸವನ್ನು ಇನ್ನೊಂದು ಶಾಲೆಯ ಕೆಲಸಕ್ಕೆ ಜೋಡಿಸುವುದಷ್ಟೇ ಬಾಕಿ.

ಒಂದೇ ಶಾಲೆ ಏಕೆ ಸಾಲದು?

ರೋಗಿಯ ನಾಡಿಯನ್ನು ಒಮ್ಮೆ ಮಾತ್ರ ಹಿಡಿದರೆ ಜ್ವರ ಇದೆಯೆಂದು ತಿಳಿಯಬಹುದು. ಜ್ವರ ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿಯದು. ನದಿಯೂ ಹಾಗೆಯೇ. ಕೂಡಲಸಂಗಮದಲ್ಲಿ ಒಂದು ಬಾಟಲಿ ನೀರು ತೆಗೆದು ಪರೀಕ್ಷಿಸಿ, ಕೊಳೆ ಇದೆ ಎಂದು ಬರೆದರೆ ಆ ಕೊಳೆ ಎಲ್ಲಿಯದು ಎಂದು ಹೇಳಲಾಗುವುದಿಲ್ಲ.

ಮಲಪ್ರಭೆ ಹುಟ್ಟುವುದು ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ. ಖಾನಾಪುರ ದಾಟಿ ನವಿಲುತೀರ್ಥದ ಅಣೆಕಟ್ಟಿನಲ್ಲಿ ನಿಂತು, ಮುನವಳ್ಳಿ, ರಾಮದುರ್ಗ, ಪಟ್ಟದಕಲ್ಲು, ಐಹೊಳೆಗಳ ಪಕ್ಕ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ದಾರಿಯಲ್ಲಿ ಪಟ್ಟಣಗಳ ಗಟಾರ, ಹೊಲಗಳಿಂದ ಹರಿದುಬರುವ ಗೊಬ್ಬರ, ದಂಡೆಯಲ್ಲಿ ಮೈತೊಳೆಯುವ ದನಕರು, ಬಟ್ಟೆ ಒಗೆಯುವ ಸೋಪು ಎಲ್ಲವೂ ಅದಕ್ಕೆ ಸೇರುತ್ತವೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಗುರುತಿಸಿದ ಕರ್ನಾಟಕದ 17 ಕಲುಷಿತ ನದಿಭಾಗಗಳ ಪಟ್ಟಿಯಲ್ಲಿ ಮಲಪ್ರಭೆಯೂ ಇದೆ, ಕೃಷ್ಣೆಯೂ ಇದೆ.

ಈಗ ಈ ದಂಡೆಯ ಏಳೆಂಟು ಊರುಗಳ ಶಾಲೆಗಳು ಒಂದೇ ಶನಿವಾರ ಬೆಳಿಗ್ಗೆ ಎಂಟು ಗಂಟೆಗೆ ನೀರು ತೆಗೆಯುತ್ತವೆ ಎಂದುಕೊಳ್ಳಿ. ಎಲ್ಲರ ಅಂಕಿಗಳು ಮಧ್ಯಾಹ್ನದೊಳಗೆ ಒಂದೇ ಪಟ್ಟಿಗೆ ಬಂದು ಸೇರುತ್ತವೆ. ಮೇಲಿನ ಎರಡು ಊರುಗಳಲ್ಲಿ ನೈಟ್ರೇಟ್ ಕಡಿಮೆ ಇದ್ದು ಮೂರನೆಯ ಊರಿನಲ್ಲಿ ಒಮ್ಮೆಲೇ ಏರಿದ್ದರೆ, ಎರಡನೆಯ ಮತ್ತು ಮೂರನೆಯ ಊರುಗಳ ನಡುವೆ ಏನೋ ಸೇರುತ್ತಿದೆ ಎಂದರ್ಥ. ಹುಡುಕಬೇಕಾದ ಜಾಗ ನೂರಾರು ಕಿಲೋಮೀಟರಿನಿಂದ ಹತ್ತಿಪ್ಪತ್ತು ಕಿಲೋಮೀಟರಿಗೆ ಇಳಿಯಿತು. ಒಂಟಿ ಶಾಲೆ ಎಷ್ಟೇ ಚೆನ್ನಾಗಿ ಕೆಲಸ ಮಾಡಿದರೂ ಇದನ್ನು ಹೇಳಲಾರದು.

ಪ್ರವಾಹದ ಕಾಲದಲ್ಲಿ ಇದರ ಬೆಲೆ ಇನ್ನೂ ಹೆಚ್ಚು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಬಾದಾಮಿ, ಹುನಗುಂದ ಭಾಗದ ಹಳ್ಳಿಗಳಿಗೆ ನುಗ್ಗಿದ್ದು ನಮಗೆಲ್ಲ ನೆನಪಿದೆ. ಅಂಥ ಹೊತ್ತಿನಲ್ಲಿ ಮೇಲಿನ ಊರಿನ ಮಕ್ಕಳು ಕಳಿಸುವ ‘ಇಂದು ನೀರು ರಾಡಿಯಾಗಿದೆ, ನಿನ್ನೆಯಿಂದ ಮಳೆ’ ಎಂಬ ಒಂದು ಸಾಲು ಕೆಳಗಿನ ಊರಿನ ತಾಯಂದಿರಿಗೆ ನೀರು ಕುದಿಸಿ ಎಂಬ ಎಚ್ಚರಿಕೆಯಾಗುತ್ತದೆ.

ಮರೋಳದ ಹೊಲಗಳಲ್ಲಿ

ಹುನಗುಂದ ಸೀಮೆಯ ಮರೋಳದ ಹೆಸರನ್ನು ಹೊರಗಿನವರು ಕೇಳಿದ್ದು ರಾಮಥಾಳ-ಮರೋಳ ಹನಿ ನೀರಾವರಿ ಯೋಜನೆಯಿಂದ. ನಾರಾಯಣಪುರ ಜಲಾಶಯದ ಹಿನ್ನೀರಿನಿಂದ ಕೃಷ್ಣೆಯ ನೀರನ್ನು ಎತ್ತಿ, ಕೊಳವೆಗಳ ಮೂಲಕ ಸುಮಾರು 24 ಸಾವಿರ ಹೆಕ್ಟೇರ್ ಹೊಲಗಳಿಗೆ ಹನಿಹನಿಯಾಗಿ ಹರಿಸುವ ಯೋಜನೆ ಇದು. ಆ ಹಿನ್ನೀರಿನಲ್ಲಿ ಕೃಷ್ಣೆಯ ಜೊತೆ ಘಟಪ್ರಭೆ, ಮಲಪ್ರಭೆಗಳ ನೀರೂ ಬೆರೆತಿದೆ. ಮೂರು ನದಿಗಳ ಮೇಲ್ದಂಡೆಯಲ್ಲಿ ಯಾರು ಏನು ಚೆಲ್ಲಿದರೂ ಅದರ ಪಾಲು ಇಲ್ಲಿಗೆ ಬರುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಹೊಲದ ಕೊಳವೆಯಲ್ಲಿ ನೀರು ತಿಳಿಯಾಗಿ ಬರುತ್ತದೆ. ಹನಿ ನೀರಾವರಿಗೆ ಫಿಲ್ಟರ್ ಇದೆಯಲ್ಲ ಎಂದು ಕೆಲಸಕ್ಕೆ ಹೋದವರೂ ಜೊತೆಗೆ ಹೋದ ಮಕ್ಕಳೂ ಅದನ್ನೇ ಕುಡಿಯುವುದುಂಟು. ಆ ಫಿಲ್ಟರ್ ಇರುವುದು ಸಣ್ಣ ರಂಧ್ರಗಳು ಕಟ್ಟಿಕೊಳ್ಳದಂತೆ ಮರಳು, ಪಾಚಿ ತಡೆಯಲು. ರೋಗಾಣುಗಳನ್ನು ಅದು ತಡೆಯುವುದಿಲ್ಲ. ಅದೇ ಕೊಳವೆಯಲ್ಲಿ ಕರಗಿದ ಗೊಬ್ಬರ ಬಿಡುವ ಪದ್ಧತಿಯೂ ಹನಿ ನೀರಾವರಿಯಲ್ಲಿದೆ. ಹೊಲಕ್ಕೆ ಹೋಗುವಾಗ ಮನೆಯಿಂದಲೇ ಕುದಿಸಿ ಆರಿಸಿದ ನೀರನ್ನು ಒಯ್ಯಿರಿ.

ಕೊಳವೆಬಾವಿಯ ನೀರಿಗೆ ಬೇರೆಯೇ ಸಮಸ್ಯೆ. ಇಳಕಲ್ಲಿನ ಕೆಂಪು ಗ್ರಾನೈಟ್ ದೇಶ-ವಿದೇಶಗಳಿಗೆ ಹೋಗುತ್ತದೆ. ಅಂಥ ಶಿಲೆಗಳ ನಡುವೆ ಆಳದಲ್ಲಿ ನಿಂತ ನೀರಿಗೆ ಶಿಲೆಯೊಳಗಿನ ಫ್ಲೋರೈಡ್ ಕರಗಿ ಸೇರುತ್ತದೆ. ಹುನಗುಂದ, ಇಳಕಲ್ ಭಾಗದ ಕೆಲವು ಕೊಳವೆಬಾವಿಗಳಲ್ಲಿ ಅದು ಮಿತಿ ಮೀರಿದೆ. ಮಕ್ಕಳ ಹಲ್ಲಿನ ಮೇಲೆ ಸುಣ್ಣದಂಥ ಬಿಳಿ ಮಚ್ಚೆ, ಕಂದು ಗೆರೆ ಕಂಡರೆ ಅದು ಹಲ್ಲುಜ್ಜದ ಸೋಮಾರಿತನದಿಂದಲೇ ಬಂದಿರಬೇಕಿಲ್ಲ. ಶಾಶ್ವತ ಹಲ್ಲುಗಳು ದವಡೆಯೊಳಗೆ ರೂಪುಗೊಳ್ಳುವ ಎಳೆಯ ವಯಸ್ಸಿನಲ್ಲಿ ಕುಡಿದ ನೀರಿನ ಗುರುತು ಅದು. ಆದ್ದರಿಂದ ಹೊಳೆಯ ನೀರಿನ ಜೊತೆಗೆ ಊರಿನ ಕೊಳವೆಬಾವಿ, ಟಾಕಿ, ಶಾಲೆಯ ನಳ, ಮಸೀದಿಯ ಹೌಝ್ ಇವನ್ನೂ ಮಕ್ಕಳು ಪರೀಕ್ಷಿಸಬೇಕು.

ಮಕ್ಕಳು ಏನು ಅಳೆಯಬಹುದು?

ದುಬಾರಿ ಯಂತ್ರಗಳು ಬೇಕಿಲ್ಲ. ಜಲಜೀವನ್ ಮಿಷನ್ ಅಡಿ ಗ್ರಾಮಗಳಿಗೆ ನೀರು ಪರೀಕ್ಷೆಯ ಕಿಟ್‌ಗಳನ್ನು ಕೊಟ್ಟು ಪ್ರತಿ ಊರಿನ ಐವರು ಮಹಿಳೆಯರಿಗೆ ತರಬೇತಿ ನೀಡುವ ವ್ಯವಸ್ಥೆ ಇದೆ. ಪಂಚಾಯಿತಿಯಲ್ಲಿ ಕೇಳಿ. ಶಿಕ್ಷಕರ ಮುಂದೆ ಮಕ್ಕಳು ಮಾಡಬಹುದಾದ ಪರೀಕ್ಷೆಗಳು ಇವು.

ಪಿಎಚ್: ನೀರಿನ ಹುಳಿ-ಕ್ಷಾರದ ಅಳತೆ. ಬಣ್ಣ ಬದಲಿಸುವ ಪಟ್ಟಿಯಿಂದ ನೋಡಬಹುದು. ಕುಡಿಯುವ ನೀರಿಗೆ 6.5ರಿಂದ 8.5 ಸರಿ.

ಟಿಡಿಎಸ್: ಕರಗಿದ ಲವಣಗಳ ಅಳತೆ. ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಉತ್ತಮ. ಬೇರೆ ನೀರು ಸಿಗದಿದ್ದರೆ 2000ದವರೆಗೆ ಒಪ್ಪಬಹುದು ಎಂದು ಭಾರತೀಯ ಮಾನಕ ಹೇಳುತ್ತದೆ. ಈ ಮೀಟರ್ ರೋಗಾಣುವನ್ನು ತೋರಿಸುವುದಿಲ್ಲ, ಫ್ಲೋರೈಡನ್ನು ಬೇರ್ಪಡಿಸಿ ಹೇಳುವುದಿಲ್ಲ. ಮೀಟರಿನಲ್ಲಿ ಕಡಿಮೆ ಅಂಕಿ ಬಂದ ಮಾತ್ರಕ್ಕೆ ನೀರು ಶುದ್ಧ ಎಂದು ನಂಬಬೇಡಿ.

ಫ್ಲೋರೈಡ್ ಮತ್ತು ನೈಟ್ರೇಟ್: ಕಿಟ್‌ನ ಹನಿದ್ರಾವಣ ಹಾಕಿ ಬಣ್ಣ ನೋಡುವ ಪರೀಕ್ಷೆ. ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಕೊನೆಯ ಮಿತಿ 1.5. ನೈಟ್ರೇಟ್ 45 ಮೀರಬಾರದು. ಮೀರಿದ ನೀರಿನಲ್ಲಿ ಹಾಲಿನ ಪುಡಿ ಕಲಸಿ ಎಳೆಕೂಸಿಗೆ ಕೊಟ್ಟರೆ ರಕ್ತದ ಆಮ್ಲಜನಕ ಹೊರುವ ಶಕ್ತಿ ಕುಂದಿ ಕೂಸು ನೀಲಿಗಟ್ಟಬಹುದು. ಮೊದಲ ಆರು ತಿಂಗಳು ತಾಯಿಹಾಲು ಮಾತ್ರ ಎಂಬ ಮಾತಿಗೆ ಇದೂ ಒಂದು ಕಾರಣ.

ಕರಗಿದ ಆಮ್ಲಜನಕ: ಇದು ನದಿಯ ಉಸಿರು. ಕೊಳಚೆ ಸೇರಿದಲ್ಲಿ ಅದನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ಆಮ್ಲಜನಕವನ್ನು ತಿಂದುಬಿಡುತ್ತವೆ. ಸ್ನಾನಕ್ಕೆ ಯೋಗ್ಯ ನದಿಯಲ್ಲಿ ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ ಇರಬೇಕು. ತಣ್ಣೀರಿನಲ್ಲಿ ಹೆಚ್ಚು, ಬಿಸಿಯಾದ ನೀರಿನಲ್ಲಿ ಕಡಿಮೆ ಆಮ್ಲಜನಕ ಕರಗುತ್ತದೆ. ಹಗಲೇರಿದಂತೆ ಪಾಚಿಯೂ ಆಮ್ಲಜನಕ ಬಿಡುತ್ತದೆ. ಒಂದು ಶಾಲೆ ಬೆಳಿಗ್ಗೆ, ಇನ್ನೊಂದು ಮಧ್ಯಾಹ್ನ ಅಳೆದರೆ ಹೋಲಿಕೆಯೇ ಕೆಡುತ್ತದೆ. ಎಲ್ಲರಿಗೂ ಒಂದೇ ವೇಳೆ ಎಂಬ ನಿಯಮ ಇದಕ್ಕಾಗಿ. ನೀರಿನ ಉಷ್ಣತೆಯನ್ನೂ ಜೊತೆಗೆ ಬರೆಯಬೇಕು.

ಎಚ್‌ಟುಎಸ್ ಬಾಟಲಿ: ಇದು ನಮ್ಮ ದೇಶದ ಕೊಡುಗೆ. ಗ್ವಾಲಿಯರ್‌ನ ರಕ್ಷಣಾ ಸಂಶೋಧನಾ ಸಂಸ್ಥೆಯ ಮಂಜಾ ಮತ್ತು ಸಂಗಡಿಗರು ಈ ಸರಳ ಪರೀಕ್ಷೆಯನ್ನು 1982ರಲ್ಲಿ ಪ್ರಕಟಿಸಿದರು. ಸಣ್ಣ ಬಾಟಲಿಗೆ ಗುರುತಿನವರೆಗೆ ನೀರು ತುಂಬಿ ಬೆಚ್ಚಗಿನ ಜಾಗದಲ್ಲಿ 24ರಿಂದ 48 ಗಂಟೆ ಇಡಬೇಕು. ಕಪ್ಪಾದರೆ ಮಲ ಸೇರಿರುವ ಶಂಕೆ ಇದೆ. ತೆರೆದ ಹೊಳೆಯ ನೀರು ಸಾಮಾನ್ಯವಾಗಿ ಕಪ್ಪಾಗಿಯೇ ಆಗುತ್ತದೆ, ಅದರಿಂದ ಹೊಸದೇನೂ ತಿಳಿಯದು. ಟಾಕಿ, ನಳ, ಹೌಝ್, ಮನೆಯ ಕೊಡ ಇವುಗಳಿಗೆ ಈ ಬಾಟಲಿ ನಿಜವಾಗಿ ಉಪಯೋಗ. ಪ್ರತಿ ಸಲವೂ ಕುದಿಸಿ ಆರಿಸಿದ ನೀರಿನ ಒಂದು ಬಾಟಲಿಯನ್ನು ಪಕ್ಕದಲ್ಲಿಡಿ. ಅದೂ ಕಪ್ಪಾದರೆ ತಪ್ಪು ಪರೀಕ್ಷೆಯಲ್ಲಿದೆ. ಕಪ್ಪಾದ ಬಾಟಲಿಯನ್ನು ಮಕ್ಕಳು ತೆರೆಯಬಾರದು. ಶಿಕ್ಷಕರೇ ಬ್ಲೀಚಿಂಗ್ ದ್ರಾವಣ ಹಾಕಿ ವಿಲೇವಾರಿ ಮಾಡಬೇಕು.

ಉಳಿಕೆ ಕ್ಲೋರಿನ್: ನಳದ ತುದಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ಇಲ್ಲದಿದ್ದರೆ ಟಾಕಿಗೆ ಕ್ಲೋರಿನ್ ಹಾಕಿಲ್ಲ, ಅಥವಾ ಹಾಕಿದ್ದು ದಾರಿಯಲ್ಲಿ ಸೇರಿದ ಕೊಳೆಯ ಮೇಲೆ ಖರ್ಚಾಗಿದೆ.

ಈ ಶಾಲಾ ಪರೀಕ್ಷೆ ಶಂಕೆಯನ್ನು ಎತ್ತಿ ತೋರಿಸುತ್ತದೆ, ಅಂತಿಮ ತೀರ್ಪು ಕೊಡುವುದಿಲ್ಲ. ಅಂಕಿ ಮಿತಿ ಮೀರಿದರೆ ಅದೇ ನೀರನ್ನು ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯಕ್ಕೆ ಕಳಿಸಿ ಖಚಿತಪಡಿಸಿಕೊಳ್ಳಬೇಕು.

ಮೊಬೈಲ್, ಹೆಣ್ಣುಮಕ್ಕಳು ಮತ್ತು ನಮ್ಮ ಆತಂಕ

ಆನ್‌ಲೈನ್ ಎಂದ ಕೂಡಲೇ ತಂದೆ-ತಾಯಿಗಳು ಹಿಂಜರಿಯುತ್ತಾರೆ. ಅದು ಸಹಜ. ಆದರೆ ಈ ಕೆಲಸಕ್ಕೆ ಮಗುವಿನ ಕೈಗೆ ಸ್ವಂತ ಮೊಬೈಲ್ ಬೇಕಿಲ್ಲ. ಪ್ರತಿ ಶಾಲೆಯಿಂದ ಒಬ್ಬ ಶಿಕ್ಷಕರ ಫೋನ್ ಅಥವಾ ಶಾಲೆಯ ಕಂಪ್ಯೂಟರ್ ಸಾಕು. ಹಂಚಿಕೊಳ್ಳುವ ಪಟ್ಟಿಯಲ್ಲಿ ಊರು, ದಿನ, ವೇಳೆ, ಹಿಂದಿನ ದಿನ ಮಳೆ ಬಿದ್ದಿತೇ ಎಂಬುದು ಮತ್ತು ಅಂಕಿಗಳು ಇರಲಿ. ಮಕ್ಕಳ ಹೆಸರು, ಫೋಟೋ, ಫೋನ್ ನಂಬರ್ ಬೇಡ. ಫೋಟೋ ಬೇಕಿದ್ದರೆ ಬಾಟಲಿಯದು ಮತ್ತು ಬಣ್ಣದ ಪಟ್ಟಿಯದು ಇರಲಿ. ಇಷ್ಟು ನಿಯಮ ಹಾಕಿಕೊಂಡರೆ ಮೊಬೈಲನ್ನು ಒಳ್ಳೆಯದಕ್ಕೆ ಬಳಸುವುದು ಹೇಗೆಂದು ಮಕ್ಕಳೂ ಕಲಿಯುತ್ತಾರೆ.

ಇನ್ನೊಂದು ಹಿಂಜರಿಕೆ ಹೆಣ್ಣುಮಕ್ಕಳದು. ನೀರು ತುಂಬುವವಳು ಅವಳು, ಕೊಡ ಮುಚ್ಚುವವಳು ಅವಳು, ಮುಂದೆ ತನ್ನ ಮಗುವಿಗೆ ನೀರು ಕುಡಿಸುವವಳೂ ಅವಳೇ. ನೀರಿನ ವಿದ್ಯೆ ಅವಳಿಗೆ ಬೇಡ ಎನ್ನುವುದು ಹೇಗೆ? ವಿದ್ಯೆ ಕಲಿಯುವುದು ನಮ್ಮಲ್ಲಿ ಕಡ್ಡಾಯ ಕರ್ತವ್ಯ. ದಂಡೆಗೆ ಕಳಿಸಲು ಮನಸ್ಸಿಲ್ಲದಿದ್ದರೆ ತಂಡದಲ್ಲಿ ಬೇರೆ ಕೆಲಸಗಳಿವೆ. ನೀರನ್ನು ಶಿಕ್ಷಕರು ತಂದುಕೊಟ್ಟರೆ ಶಾಲೆಯಲ್ಲೇ ಪರೀಕ್ಷೆ ನಡೆಯುತ್ತದೆ. ಅಂಕಿಗಳನ್ನು ಓದಿ ಮೇಲಿನ ಊರು, ಕೆಳಗಿನ ಊರು ಎಂದು ಹೋಲಿಸುವುದೇ ಇದರ ಮುಖ್ಯ ಭಾಗ, ಅದಕ್ಕೆ ದಂಡೆಗೆ ಹೋಗಬೇಕಿಲ್ಲ. ತಾಯಿಯೋ ಶಿಕ್ಷಕಿಯೋ ಜೊತೆಗಿದ್ದರೆ ದಂಡೆಗೆ ಹೋಗುವುದಕ್ಕೂ ಅಡ್ಡಿಯಿಲ್ಲ.

ಸುರಕ್ಷತೆಯ ಮಾತು ಗಂಡುಮಕ್ಕಳಿಗೂ ಅಷ್ಟೇ ಅನ್ವಯ. ಯಾರೂ ನೀರಿಗೆ ಇಳಿಯಬಾರದು. ಕೃಷ್ಣೆಯಲ್ಲಿ ಮೊಸಳೆಗಳಿವೆ, ಹಿನ್ನೀರಿನ ಆಳ ಮೇಲಿನಿಂದ ಕಾಣುವುದಿಲ್ಲ. ಬಕೆಟ್ಟಿಗೆ ಹಗ್ಗ ಕಟ್ಟಿ ಸೇತುವೆ ಅಥವಾ ಘಾಟಿನ ಮೇಲಿಂದ ದೊಡ್ಡವರೇ ನೀರು ಎತ್ತಲಿ. ಹೊಳೆ ಏರಿದ ದಿನ ಹೋಗುವುದೇ ಬೇಡ. ಪರೀಕ್ಷೆ ಮುಗಿದ ಮೇಲೆ ಸೋಪಿನಿಂದ ಕೈ ತೊಳೆಯಬೇಕು.

ಅಂಕಿ ಬಂದ ಮೇಲೆ ಮನೆಯಲ್ಲಿ ಏನು?

ಪಟ್ಟಿಯಲ್ಲಿ ಅಂಕಿ ತುಂಬಿದರೆ ಮಾತ್ರ ಯಾರ ಕಾಯಿಲೆಯೂ ನಿಲ್ಲುವುದಿಲ್ಲ. ಪ್ರತಿ ತಿಂಗಳ ಫಲಿತಾಂಶವನ್ನು ಮಕ್ಕಳು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದು ಶಾಲೆ, ಪಂಚಾಯಿತಿ, ಮಸೀದಿ, ಗುಡಿಗಳ ಫಲಕಕ್ಕೆ ಅಂಟಿಸಲಿ. ಹೊಳೆ ಎಲ್ಲರದು. ಗ್ರಾಮಸಭೆಯಲ್ಲಿ ಅದನ್ನು ಓದಿಸಿ. ‘ನೀರು ಸರಿಯಿಲ್ಲ’ ಎಂಬ ದೂರಿಗಿಂತ ಆರು ಊರುಗಳ, ಆರು ತಿಂಗಳ ಅಂಕಿಗೆ ಹೆಚ್ಚು ಬೆಲೆ ಸಿಗುತ್ತದೆ.

ಮನೆಯಲ್ಲಿ ನೀವು ಮಾಡಬೇಕಾದದ್ದು ಇಷ್ಟು.

ರೋಗಾಣುವಿನ ಶಂಕೆ ಇದ್ದರೆ ನೀರನ್ನು ಕೊತಕೊತ ಕುದಿಸಿ, ಕುದಿ ಬಂದ ಮೇಲೆ ಕನಿಷ್ಠ ಒಂದು ನಿಮಿಷ ಬಿಡಿ. ಅದೇ ಪಾತ್ರೆಯಲ್ಲಿ ಮುಚ್ಚಿ ಆರಿಸಿ. ಉದ್ದ ಹಿಡಿಕೆಯ ಸೌಟಿನಿಂದ ತೆಗೆಯಿರಿ, ಕೈ ಅದ್ದಬೇಡಿ.

ಫ್ಲೋರೈಡ್, ನೈಟ್ರೇಟ್ ಹೆಚ್ಚಿದ್ದರೆ ಕುದಿಸುವುದರಿಂದ ಪ್ರಯೋಜನವಿಲ್ಲ. ನೀರು ಆವಿಯಾಗಿ ಉಳಿದದ್ದು ಇನ್ನೂ ಗಟ್ಟಿಯಾಗುತ್ತದೆ. ಕುಡಿಯಲು, ಅಡುಗೆಗೆ ಬೇರೆ ನೀರನ್ನೇ ತರಬೇಕು. ಮಳೆನೀರಿನ ಸಂಗ್ರಹ ಅಥವಾ ಶುದ್ಧೀಕರಿಸಿದ ಹೊಳೆ ನೀರು ಆಗಬಹುದು. ಫ್ಲೋರೈಡ್ ಇರುವ ಊರಿನಲ್ಲಿ ಹಾಲು, ಸೊಪ್ಪು, ನೆಲ್ಲಿಕಾಯಿ, ಲಿಂಬೆ ಹೆಚ್ಚಿಸಿ. ಕಪ್ಪು ಉಪ್ಪು ಮತ್ತು ಅತಿಯಾದ ಚಹಾ ಕಡಿಮೆ ಮಾಡಿ, ಅವುಗಳಲ್ಲೂ ಫ್ಲೋರೈಡ್ ಇದೆ. ನಮ್ಮ ಯುನಾನಿಯ ಕೆಲವು ಚೂರ್ಣಗಳಲ್ಲಿ ಕಪ್ಪು ಉಪ್ಪು ಇರುವುದರಿಂದ ಅಂಥವನ್ನು ಹಕೀಮರನ್ನು ಕೇಳದೆ ನಿತ್ಯ ಸೇವಿಸಬೇಡಿ.

ಮಸೀದಿಯ ಹೌಝನ್ನು ಮರೆಯಬೇಡಿ. ವುಝೂ ಮಾಡುವಾಗ ಮೂರು ಸಲ ಬಾಯಿ ಮುಕ್ಕಳಿಸುತ್ತೇವೆ, ಮೂಗಿಗೆ ನೀರು ಎಳೆಯುತ್ತೇವೆ. ಹೌಝನ್ನು ತಪ್ಪದೆ ಖಾಲಿ ಮಾಡಿ ಉಜ್ಜಿ, ಕ್ಲೋರಿನ್ ಹಾಕಿಸಿ. ರಮಝಾನಿನ ಇಫ್ತಾರ್ ನೀರನ್ನು ಹೌಝಿನಿಂದ ತುಂಬಬೇಡಿ.

ಮಗುವಿಗೆ ಭೇದಿ ಶುರುವಾದರೆ ಮೊದಲ ಔಷಧ ಓಆರ್‌ಎಸ್. ಒಂದು ಲೀಟರಿನ ಪೊಟ್ಟಣವನ್ನು ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಪೂರ್ತಿ ಹಾಕಿ, ಗುಟುಕು ಗುಟುಕಾಗಿ ಕುಡಿಸಿ. ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ, ಅದಕ್ಕಿಂತ ಚಿಕ್ಕ ಕೂಸಿಗೆ 10 ಮಿಲಿಗ್ರಾಂ ಸತುವಿನ ಮಾತ್ರೆಯನ್ನು 14 ದಿನ ಕೊಡುವುದು ಸರಕಾರಿ ಆಸ್ಪತ್ರೆಗಳಲ್ಲಿರುವ ಕ್ರಮ. ಇಸಬಗೋಲು, ಬಿಲ್ವ, ದಾಳಿಂಬೆ ಸಿಪ್ಪೆಗಳನ್ನು ಯುನಾನಿಯಲ್ಲಿ ಬಳಸುತ್ತೇವೆ, ಆದರೆ ಇವು ಯಾವುವೂ ಓಆರ್‌ಎಸ್‌ಗೆ ಬದಲಿಯಲ್ಲ. ಮಗುವಿನ ಕಣ್ಣು ಗುಳಿಬಿದ್ದರೆ, ಮೂತ್ರ ನಿಂತರೆ, ಮಲದಲ್ಲಿ ರಕ್ತ ಕಂಡರೆ, ಕುಡಿದದ್ದೆಲ್ಲ ವಾಂತಿಯಾದರೆ, ಮಂಪರು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಕಾಮಾಲೆಗೆ ಕಣ್ಣಿಗೆ ರಸ ಬಿಡಿಸುವುದು, ಬರೆ ಹಾಕಿಸುವುದು ಬೇಡವೇ ಬೇಡ. ಗರ್ಭಿಣಿಗೆ ಕಾಮಾಲೆ ಕಂಡರೆ ಅದು ಪ್ರಾಣಾಪಾಯದ ಸೂಚನೆ, ಅದೇ ದಿನ ದೊಡ್ಡಾಸ್ಪತ್ರೆಗೆ ಒಯ್ಯಿರಿ.

ಮುಂದಿನ ಸಲ ಶಾಲೆಯ ಪೋಷಕರ ಸಭೆಗೆ ಹೋದಾಗ ವಿಜ್ಞಾನ ಶಿಕ್ಷಕರಿಗೆ ಒಂದು ಮಾತು ಕೇಳಿ: ‘ಹೊಳೆಯ ಮೇಲಿನ ಊರಿನ ಶಾಲೆಯಲ್ಲಿ ನಿಮಗೆ ಯಾರಾದರೂ ಪರಿಚಯ ಇದ್ದಾರೆಯೇ?’ ಎರಡು ಶಾಲೆಗಳು ಸಿಕ್ಕರೂ ಸಾಕು, ಎರಡು ಬಟ್ಟೆಗಳನ್ನು ಹೋಲಿಸಿದ ಹಾಗೆ ಎರಡು ಊರುಗಳ ನೀರನ್ನು ಹೋಲಿಸಬಹುದು. ಮೂರನೆಯ ಶಾಲೆ ತಾನಾಗಿಯೇ ಸೇರುತ್ತದೆ. ನೀರನ್ನು ಅಲ್ಲಾಹನು ಎಲ್ಲ ಜೀವಗಳ ಮೂಲವಾಗಿ ಕೊಟ್ಟಿದ್ದಾನೆ. ಅದನ್ನು ಕೆಳಗಿನ ಊರಿನವರಿಗೆ ಕೆಡದಂತೆ ತಲುಪಿಸುವುದು ನಮ್ಮ ಮೇಲಿರುವ ಅಮಾನತ್ತು.